ಹಳೇ ಮನೆ ರಿಪೇರಿ: ಇಡೀ ಮನೆ ಒಂದೇ ಸಲ ಮಾಡಿಸೋದಾ, ಒಂದೊಂದೇ ರೂಮು ಮಾಡಿಸೋದಾ?

ಹೊಸಿಲು_84

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಅಪ್ಪ 1984ರಲ್ಲಿ ಕಟ್ಟಿಸಿದ ಮನೆ ನಮ್ಮದು. 30-40 ಸೈಟು, ಸುಮಾರು 9 ಚದರ, ಗ್ರೌಂಡ್ ಫ್ಲೋರ್ ಅಷ್ಟೇ. ಹಾಲ್, ಎರಡು ರೂಮು, ಅಡುಗೆಮನೆ, ಚಿಕ್ಕ ದೇವರಮನೆ, ಹಿಂದುಗಡೆ ಬಚ್ಚಲುಮನೆ. ಬಟ್ಟೆ ಒಗೆಯೋ ಜಾಗಕ್ಕೆ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಶೀಟು ಹಾಕಿದ್ದಾರೆ. ನೆಲ ಪೂರ್ತಿ ಮೊಸಾಯಿಕ್. ಈಗ ಅಲ್ಲಿ ಅಪ್ಪ ಅಮ್ಮ ಇಬ್ಬರೇ ಇರೋದು, ಇಬ್ಬರಿಗೂ 70ರ ಹತ್ತಿರ ವಯಸ್ಸು, ಅಪ್ಪನಿಗೆ ಆಸ್ತಮಾ ಬೇರೆ ಇದೆ. ನಾನು ಬೆಂಗಳೂರಿನಲ್ಲಿದ್ದೇನೆ, ಶನಿವಾರ ಭಾನುವಾರ ಹೋಗಿ ಬರುತ್ತೇನೆ.

ತೊಂದರೆಗಳು ಒಂದೆರಡಲ್ಲ. ಬಚ್ಚಲುಮನೆ ಪಕ್ಕದ ರೂಮಿನ ಗೋಡೆ ವರ್ಷಪೂರ್ತಿ ತೇವ, ಬಣ್ಣ ಹಕ್ಕಳೆ ಎದ್ದು ಉದುರುತ್ತಿದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೆಲ್ಲ ತುಕ್ಕು, ಬೆಳಗ್ಗೆ ಅಡುಗೆಮನೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು ಬರುತ್ತದೆ, ಅಮ್ಮ ಒಂದು ಚೊಂಬು ಹಿಡಿದು ಗಿಡಕ್ಕೆ ಹಾಕಿಬಿಟ್ಟು ಆಮೇಲೆ ಕಾಫಿಗೆ ಇಡುತ್ತಾರೆ. ಗೀಸರ್ ಮತ್ತು ಮಿಕ್ಸಿ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಅಡುಗೆಮನೆ ಮೇಲೆ ಒಂದು ಕಡೆ ಮೋಲ್ಡ್‌ನಿಂದ (ಕಾಂಕ್ರೀಟ್ ಚಾವಣಿಯಿಂದ) ಗಾರೆ ಉದುರಿ ಕಂಬಿ ಕಾಣುತ್ತಿದೆ.

ಪರಿಚಯದ ಮೇಸ್ತ್ರಿ ಹೇಳೋದು, "ಈಗ ಅಡುಗೆಮನೆ ಮಾಡೋಣ, ದೀಪಾವಳಿ ಕಳೆದ ಮೇಲೆ ಬಚ್ಚಲು, ಮುಂದಿನ ವರ್ಷ ರೂಮುಗಳು, ನೀವು ಮನೆ ಬಿಡೋದೇ ಬೇಡ" ಅಂತ. ಇನ್ನೊಬ್ಬ ಕಾಂಟ್ರಾಕ್ಟರ್ ಮನೆ ಖಾಲಿ ಮಾಡಿಕೊಡಿ, 14 ಲಕ್ಷ ಆಗುತ್ತೆ, 3 ತಿಂಗಳು ಸಾಕು, ಮೊಸಾಯಿಕ್ ಮೇಲೆ ಹೊಸ ಟೈಲ್ಸ್ ಹಾಕಿಬಿಡೋಣ ಅನ್ನುತ್ತಾರೆ. ಅಮ್ಮನಿಗೆ ಮನೆ ಬಿಟ್ಟು ಹೋಗೋಕೆ ಸುತಾರಾಂ ಇಷ್ಟವಿಲ್ಲ. ಅಪ್ಪ "ನಿನ್ನಿಷ್ಟ" ಅಂತ ಸುಮ್ಮನಾಗಿಬಿಟ್ಟಿದ್ದಾರೆ. ಒಟ್ಟಿಗೆ ಅಷ್ಟು ದುಡ್ಡು ಹೊಂದಿಸೋದೂ ಕಷ್ಟ, 8-9 ಲಕ್ಷ ಕೈಲಿದೆ, ಉಳಿದದ್ದಕ್ಕೆ ಸಾಲವೇ ಗತಿ. ಮಾಡಿಸಿದವರು, ಈ ಕೆಲಸದಲ್ಲಿ ಇರೋರು ದಯವಿಟ್ಟು ಹೇಳಿ.

ಸೈಟ್_ಹುಬ್ಬಳ್ಳಿ

ಮೇಡಂ, ನಾನು ಸಿವಿಲ್ ಎಂಜಿನಿಯರ್. ಹಳೇ ಮನೆಗಳ ಕೆಲಸವೇ ಜಾಸ್ತಿ ಮಾಡೋದು.

ಒಟ್ಟಿಗಾ, ಬಿಡಿಬಿಡಿಯಾ ಅನ್ನೋದು ಆಮೇಲಿನ ಮಾತು. ಕಂಬಿ ಕಾಣುತ್ತಿದೆ ಅಂದಿರಲ್ಲ, ಮೊದಲು ಅದನ್ನು ತೋರಿಸಿ. ಮೇಲಿಂದ ನೀರು ಇಳಿದು ಕಂಬಿಗೆ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಂಬಿ ಊದಿಕೊಳ್ಳುತ್ತದೆ, ಊದಿದಾಗ ಅದರ ಕೆಳಗಿನ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತದೆ. ಕಾಣುವ ಜಾಗ ಒಂದಡಿ ಇದ್ದರೆ ಒಳಗೆ ಸಡಿಲವಾಗಿರೋದು ಇನ್ನೂ ಜಾಸ್ತಿ ಇರಬಹುದು. ಸಣ್ಣ ಸುತ್ತಿಗೆಯಲ್ಲಿ ಮೋಲ್ಡ್ ಕೆಳಗೆ ತಟ್ಟುತ್ತಾ ಹೋದರೆ ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಬರುತ್ತದೆ. ಇದನ್ನು ನೀವು ಮಾಡಬೇಡಿ, ತಲೆ ಮೇಲೆ ಬೀಳುತ್ತದೆ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಅಲ್ಲಿವರೆಗೆ ಅಮ್ಮನವರ ಒಲೆ ಆ ಜಾಗದ ಕೆಳಗಿದ್ದರೆ ಇವತ್ತೇ ಪಕ್ಕಕ್ಕೆ ಸರಿಸಿ. ರಿಪೇರಿ ಅಂದರೆ ಸಡಿಲ ಕಾಂಕ್ರೀಟ್ ಪೂರ್ತಿ ತೆಗೆದು, ಕಂಬಿ ಉಜ್ಜಿ, ತುಕ್ಕು ನಿರೋಧಕ ಬಳಿದು, ಪಾಲಿಮರ್ ಮಾರ್ಟರ್ ತುಂಬೋದು. ಬರೀ ಸಿಮೆಂಟ್ ಮೆತ್ತಿ ಬಣ್ಣ ಹೊಡೆದರೆ ಎರಡು ಮಳೆಗಾಲಕ್ಕೆ ಮತ್ತೆ ಉದುರುತ್ತದೆ. ತಾರಸಿಯ ವಾಟರ್‌ಪ್ರೂಫಿಂಗ್ ಇದಕ್ಕಿಂತ ಮುಂಚೆಯೇ ಆಗಬೇಕು. ಮೇಲೆ ಸೋರುತ್ತಿದ್ದರೆ ಕೆಳಗೆ ಏನು ಮಾಡಿದರೂ ನೀರಲ್ಲಿ ಹೋಮ.

ಈಗ ನಿಮ್ಮ ಪ್ರಶ್ನೆ. ಪೈಪು, ವೈರು ಎರಡಕ್ಕೂ ರೂಮಿನ ಲೆಕ್ಕ ಇಲ್ಲ. ಟ್ಯಾಂಕಿನಿಂದ ಇಳಿಯೋ ಪೈಪು ಬಚ್ಚಲು ದಾಟಿ ಅಡುಗೆಮನೆಗೆ ಹೋಗಿರುತ್ತದೆ. ಮೇಸ್ತ್ರಿ ಹೇಳಿದ ಹಾಗೆ ಅಡುಗೆಮನೆಗೆ ಮಾತ್ರ ಸಿಪಿವಿಸಿ (ಪ್ಲಾಸ್ಟಿಕ್ ಪೈಪು) ಹಾಕಿ ಹಳೇ ಜಿಐಗೆ ಜೋಡಿಸಿದರೆ, ಜೋಡಿಸೋಕೆ ಅಂತ ಪೈಪ್ ರೆಂಚ್ ಹಾಕಿ ತಿರುಗಿಸಿದಾಗ 40 ವರ್ಷದ ತುಕ್ಕಿನ ಥ್ರೆಡ್ ಮುಂದಿನ ಜಾಯಿಂಟಿನಲ್ಲಿ ಬಿಟ್ಟುಕೊಳ್ಳುತ್ತದೆ. ಅದು ಗೋಡೆಯೊಳಗೆ ಇದ್ದರೆ ಗೊತ್ತಾಗೋದು ತಿಂಗಳಾದ ಮೇಲೆ, ಹೊಸ ಬಣ್ಣ ಉಬ್ಬಿದಾಗ. ಇನ್ನು ಕೆಂಪು ನೀರು ಹೊಸ ನಲ್ಲಿಯಲ್ಲೂ ಬರುತ್ತದೆ, ಹಿಂದಿನ ಪೈಪು ಹಳೇದೇ ಅಲ್ವಾ?

ಹಾಗಾಗಿ ನನ್ನ ಅಭಿಪ್ರಾಯ ಇದು. ತಾರಸಿ, ಮೋಲ್ಡ್ ರಿಪೇರಿ, ನೀರಿನ ಲೈನು, ಡ್ರೈನೇಜ್, ವೈರಿಂಗ್, ಬಚ್ಚಲಿನ ವಾಟರ್‌ಪ್ರೂಫಿಂಗ್, ಪ್ಲಾಸ್ಟರಿಂಗ್, ಅಂದರೆ ಧೂಳೆಬ್ಬಿಸುವ ಕೆಲಸ ಪೂರ್ತಿ ಇಡೀ ಮನೆಗೆ ಒಂದೇ ಸಲ ಮುಗಿಸಿ, ಮನೆ ಖಾಲಿ ಇದ್ದಾಗ. ವಾರ್ಡ್‌ರೋಬ್, ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಹೊಸ ಬಾಗಿಲು ಇವೆಲ್ಲ ದುಡ್ಡು ಬಂದ ಹಾಗೆ ಒಂದೊಂದೇ ರೂಮಿಗೆ ಮಾಡಿಸಿ. ಕೊಟೇಶನ್ ತೆಗೆಸಿಕೊಂಡು ಈ ಎರಡು ಭಾಗವಾಗಿ ಒಡೆದು ನೋಡಿ. ಮೊದಲನೇ ಭಾಗ ನಿಮ್ಮ ಕೈಲಿರೋ ದುಡ್ಡಿನಲ್ಲೇ ಆಗುವ ಸಾಧ್ಯತೆ ಇದೆ.

ಮೊಸಾಯಿಕ್ ಮೇಲೆ ಟೈಲ್ಸ್ ಬೇಡ ಮೇಡಂ, ಕೈ ಮುಗಿದು ಹೇಳುತ್ತೇನೆ. ಟೈಲ್ಸು, ಅಡಿಗೆ ಹಾಕೋ ಅಂಟು ಸೇರಿ ನೆಲ ಅರ್ಧದಿಂದ ಮುಕ್ಕಾಲು ಇಂಚು ಏರುತ್ತದೆ. ಎಲ್ಲ ಬಾಗಿಲನ್ನೂ ಕೆಳಗೆ ಕುಯ್ಯಬೇಕು, ಹೊಸಿಲು ತಗ್ಗುತ್ತದೆ. ಒಂದು ರೂಮಿಗೆ ಹಾಕಿ ಇನ್ನೊಂದು ಬಿಟ್ಟರಂತೂ ರೂಮಿಂದ ರೂಮಿಗೆ ಒಂದು ಸಣ್ಣ ಮೆಟ್ಟಿಲಾಗುತ್ತದೆ, ರಾತ್ರಿ ಎದ್ದು ಬಚ್ಚಲಿಗೆ ಹೋಗೋ ವಯಸ್ಸಾದವರು ಎಡವೋದು ಅಲ್ಲೇ. ಪೈಪನ್ನು ನೆಲ ಒಡೆಯದೆ ಗೋಡೆಯ ಹೊರಗಡೆಯಿಂದ ಒಯ್ಯಬಹುದು, ಸುತ್ತ ಜಾಗ ಇದ್ದೇ ಇರುತ್ತದೆ. ಮೊಸಾಯಿಕ್ ಅನ್ನು ಮಷೀನ್ ಹಾಕಿ ಪಾಲಿಶ್ ಮಾಡಿಸಿ. ಅದೂ ಮನೆ ಖಾಲಿ ಇದ್ದಾಗಲೇ ಆಗಬೇಕು, ಯಾಕಂದರೆ ನೀರು ಹಾಕಿ ಉಜ್ಜುವಾಗ ಬೂದು ರಾಡಿ ಮೊಣಕಾಲವರೆಗೆ ಸಿಡಿಯುತ್ತದೆ.

ತೀರ್ಥಹಳ್ಳಿ_ಕಡೆಯವ

ಎಂಜಿನಿಯರ್ ಸರ್ ಮಾತು ಆರ್‌ಸಿಸಿ (ಕಾಂಕ್ರೀಟ್ ಮೋಲ್ಡ್) ಮನೆಗೆ ಸರಿ. ಆದರೆ ಇದನ್ನು ಓದಿ ಎಲ್ಲರೂ ಒಟ್ಟಿಗೇ ಮಾಡಿಸಬೇಕು ಅಂದುಕೊಳ್ಳಬಾರದು. ನಮ್ಮದು ಹೆಂಚಿನ ಮನೆ. ಬೇಸಿಗೆಗೆ ಒಂದು ಭಾಗದಂತೆ ಮಾಡಿಸಿಕೊಂಡು ಬಂದಿದ್ದೇವೆ, ಅದೇ ಸರಿ ಹೋಗಿದೆ. ಹೆಂಚಿನ ಮಾಡನ್ನು (ಚಾವಣಿಯನ್ನು) ಒಂದು ಪಾರ್ಶ್ವ ಬಿಚ್ಚಿ, ಗೆದ್ದಲು ಹಿಡಿದ ರೀಪು (ಹೆಂಚು ಕೂರುವ ಮರದ ಪಟ್ಟಿ) ಬದಲಿಸಿ, ಅದೇ ಹೆಂಚು ತೊಳೆದು ಮತ್ತೆ ಹೊದಿಸಬಹುದು, ಇನ್ನೊಂದು ಕಡೆ ಮನೆಯವರು ಆರಾಮಾಗಿ ಇರಬಹುದು. ನಮ್ಮ ಹೆಂಚಿನಲ್ಲಿ ಕೆಲವು ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆಯವು. ಅವರು 1865ರಲ್ಲಿ ಶುರು ಮಾಡಿದ್ದು, ಹೆಂಚಿನ ಹಿಂದೆ ಅಚ್ಚು ಈಗಲೂ ಓದಬಹುದು, ಒಂದು ಹನಿ ಸೋರಲ್ಲ. ವೈರಿಂಗ್ ಮರದ ಪಟ್ಟಿ ಮೇಲೆ ಹೊರಗೇ ಇರೋದರಿಂದ ಗೋಡೆ ಕೊರೆಯೋ ಪ್ರಶ್ನೆ ಇಲ್ಲ. ಮತ್ತೆ ನಮ್ಮ ಕಡೆ ಜೂನ್ ಬಂತೆಂದರೆ ಮುಗೀತು, ಇಡೀ ಮಾಡು ಬಿಚ್ಚಿ ಮಧ್ಯದಲ್ಲಿ ಮಳೆ ಹಿಡಿದರೆ ಮಣ್ಣಿನ ಗೋಡೆಯೇ ಕುಸಿಯುತ್ತದೆ. ಅಷ್ಟು ದೊಡ್ಡ ಕೆಲಸ ಕೈಗೆತ್ತಿಕೊಳ್ಳದೇ ಇರೋದೇ ಜಾಣತನ.

ವೈರ್‌ಮನ್_ಮಂಡ್ಯ

ವೈರಿಂಗ್ ಬಗ್ಗೆ ಹೇಳ್ತೀನಿ ಮೇಡಂ. ಆ ಕಾಲದ ಮನೆಗಳಲ್ಲಿ ಬಹಳ ಕಡೆ ಅರ್ಥ್ ವೈರೇ ಎಳೆದಿರಲ್ಲ, ಫೇಸು ನ್ಯೂಟ್ರಲ್ಲು ಎರಡೇ. ಮೂರು ತೂತಿನ ಸಾಕೆಟ್ ಇರುತ್ತೆ, ಬಿಚ್ಚಿ ನೋಡಿದರೆ ಮೇಲಿನ ತೂತಿಗೆ ಏನೂ ಜೋಡಿಸಿರಲ್ಲ. ಅದರಲ್ಲಿ ಗೀಸರ್ ನಡೀತಾ ಇದ್ದರೆ ದಯವಿಟ್ಟು ಮೊದಲು ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಬಂದು ನೋಡೋವರೆಗೂ ಒಲೆ ಮೇಲೆ ನೀರು ಕಾಯಿಸಿಕೊಳ್ಳಲಿ. ಫ್ಯೂಸ್ ಹೋಗುತ್ತೆ ಅಂತ ಅಪ್ಪ ದಪ್ಪ ತಂತಿ ಕಟ್ಟಿದ್ದಾರಾ ಅಂತಾನೂ ಕೇಳಿ. ದಪ್ಪ ತಂತಿ ಕಟ್ಟಿದರೆ ಫ್ಯೂಸ್ ಉಳಿಯುತ್ತೆ, ಗೋಡೆಯೊಳಗಿನ ವೈರು ಬಿಸಿಯಾಗುತ್ತೆ.

ಹೊಸ ವೈರಿಂಗಿಗೆ ಲೈಟು ಫ್ಯಾನಿಗೆ 1.5, 16 ಆಂಪ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಎಸಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಹಾಕಿಸಿ, ಒಂದೊಂದಕ್ಕೂ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗೋ ಸ್ವಿಚ್). 30 ಮಿಲಿ ಆಂಪ್ ಆರ್‌ಸಿಸಿಬಿ ಬೇಕೇ ಬೇಕು, ಕರೆಂಟ್ ಲೀಕ್ ಆದರೆ ತಕ್ಷಣ ಲೈನ್ ಕಟ್ ಮಾಡುತ್ತೆ, ಅದು ಜೀವ ಉಳಿಸೋದು. ಹೊರಗೆ ಹೊಸ ಅರ್ಥ್ ಗುಂಡಿ ತೆಗೆಸಿ. ಈಗ ಯೋಚನೆ ಮಾಡಿ, ಅಡುಗೆಮನೆಗೆ ಮಾತ್ರ ಹೊಸ ವೈರು ಹಾಕಿ ಉಳಿದದ್ದು ಹಳೇದು ಇಟ್ಟು ಒಂದೇ ಆರ್‌ಸಿಸಿಬಿಗೆ ಕೊಟ್ಟರೆ, ಹಳೇ ವೈರಿನ ಲೀಕೇಜಿಗೆ ದಿನಾ ಟ್ರಿಪ್ ಆಗುತ್ತೆ. ಆಗ ಜನ ಏನ್ ಮಾಡ್ತಾರೆ? ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸ್ತಾರೆ. ಅದಕ್ಕೇ ನಾನು ಒಂದೇ ಸಲ ಅನ್ನೋದು. ಲೋಡ್ ಜಾಸ್ತಿ ಮಾಡಿಸೋದಿದ್ದರೆ ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಮೂಲಕ ಸೆಸ್ಕ್‌ಗೆ (ಮೈಸೂರು ಕಡೆಯ ವಿದ್ಯುತ್ ಕಂಪನಿ) ಅರ್ಜಿ ಹಾಕಿ, ಕೆಲಸ ಶುರು ಮಾಡೋ ಮುಂಚೆನೇ.

ಪ್ಲಾಸ್ಟರಿಂಗ್ ಮಾಡೋ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೋ ತೆಗೆದಿಡಿ. ಆಮೇಲೆ ಮೊಳೆ ಹೊಡೆಯುವಾಗ ಪೈಪೆಲ್ಲಿದೆ ವೈರೆಲ್ಲಿದೆ ಅಂತ ಗೊತ್ತಾಗಬೇಕಲ್ಲ.

ಕಾವೇರಿ_ತೀರ

ನಾನು ಅಮ್ಮನ ಬಗ್ಗೆ ಬರೀತೀನಿ, ಉಳಿದವರು ಗೋಡೆ ಬಗ್ಗೆ ಬರೆದಿದ್ದಾರೆ. ನಮ್ಮ ಅತ್ತೆ ಮಾವನ ಮನೆಯಲ್ಲಿ ಒಂದೊಂದೇ ರೂಮು ಮಾಡಿಸಿದರು. ಹಾಸಿಗೆ ಹಾಲ್‌ನಲ್ಲಿ, ಪಾತ್ರೆ ಎಲ್ಲ ರೂಮಿನಲ್ಲಿ, ಸಿಮೆಂಟ್ ಮೂಟೆ ವರಾಂಡದಲ್ಲಿ. ಒಂದು ರೂಮು ಮುಗಿದು ಸಾಮಾನು ಜೋಡಿಸೋ ಹೊತ್ತಿಗೆ ಇನ್ನೊಂದು ರೂಮು ಖಾಲಿ ಮಾಡಬೇಕು. ಮಾವನಿಗೆ ಕೆಮ್ಮು ಬಿಡಲೇ ಇಲ್ಲ. ಟೈಲ್ಸ್ ಕಟ್ ಮಾಡೋ ಧೂಳು, ಗೋಡೆ ಕೊರೆಯೋ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿದರೂ ನುಗ್ಗುತ್ತೆ. ನಿಮ್ಮ ಅಪ್ಪನಿಗೆ ಆಸ್ತಮಾ ಇದೆ ಅಂದಿರಿ. ಅದೊಂದೇ ಕಾರಣ ಸಾಕು, ಅವರು ಆ ಮನೆಯಲ್ಲಿ ಇರಬಾರದು.

ಅಮ್ಮನಿಗೆ ಬೆಂಗಳೂರಿಗೆ ಬನ್ನಿ ಅಂದರೆ ಒಪ್ಪಲ್ಲ, ಖಂಡಿತ ಒಪ್ಪಲ್ಲ. ಅದೇ ಬೀದಿ ಅಥವಾ ಪಕ್ಕದ ಬೀದಿಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ನೋಡಿ. 11 ತಿಂಗಳ ಅಗ್ರಿಮೆಂಟ್ ಇಲ್ಲದೆ ಕೊಡೋರು ಕಡಿಮೆ, ಆದರೆ ಎಷ್ಟೋ ವರ್ಷದಿಂದ ಅಲ್ಲೇ ಇರೋರಲ್ವಾ, ಯಾರದೋ ಮಹಡಿ ಮನೆ ಖಾಲಿ ಇದ್ದೇ ಇರುತ್ತೆ, ಅಮ್ಮನೇ ಕೇಳಲಿ. ಅದೇ ಹಾಲಿನವರು, ಅದೇ ಹೂವಿನವರು, ಅದೇ ವಾಕಿಂಗು. ಸಂಜೆ ಹೋಗಿ ಕೆಲಸ ಎಲ್ಲಿಗೆ ಬಂತು ಅಂತ ನೋಡಿಕೊಂಡು ಬರಬಹುದು. ಆಷಾಢದಲ್ಲಿ ಮನೆ ಬದಲಾಯಿಸೋಕೆ ಒಪ್ಪದಿದ್ದರೆ ಅದಕ್ಕೆ ಮುಂಚೆ ಒಂದು ಒಳ್ಳೇ ದಿನ ನೋಡಿ ಹಾಲು ಉಕ್ಕಿಸಿಬಿಡಿ. ಇನ್ನೊಂದು, ಅಡುಗೆಮನೆ ಕಟ್ಟೆ ಎಷ್ಟೆತ್ತರ ಬೇಕು, ಒರಳು ಎಲ್ಲಿರಬೇಕು, ಬಚ್ಚಲಲ್ಲಿ ಹಿಡಿಕೆ ಎಲ್ಲಿ ಬೇಕು ಅನ್ನೋದನ್ನ ಅಮ್ಮನನ್ನೇ ನಿಲ್ಲಿಸಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಅವರ ಮಾತು ನಡೆಯುತ್ತೆ ಅಂತ ಗೊತ್ತಾದರೆ ಮನೆ ಬಿಡೋದು ಅಷ್ಟು ಕಷ್ಟ ಅನ್ಸಲ್ಲ.

ಹೊಸಿಲು_84

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೀಸರ್ ಆಫ್ ಮಾಡಿಸಿದೆ, ಒಲೆನೂ ಸರಿಸಿದ್ದಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಭಾನುವಾರ ಬರುತ್ತಾರೆ. ಹಿಂದಿನ ಬೀದಿಯಲ್ಲಿ ಅಮ್ಮನ ಭಜನೆ ಮಂಡಳಿಯವರ ಮಹಡಿ ಮನೆ ಇದೆಯಂತೆ, ಅಮ್ಮನೇ ಹೇಳಿದರು! ಕಾಂಟ್ರಾಕ್ಟರ್‌ಗೆ ಕೊಟೇಶನ್ ಎರಡು ಭಾಗ ಮಾಡಿಕೊಡಿ ಅಂದಿದ್ದೇನೆ. ಅವರು ಶುರುವಿಗೇ ಅರ್ಧ ದುಡ್ಡು ಕೇಳುತ್ತಿದ್ದಾರೆ, ಇದು ಸರಿಯಾ? ಸಾಲ ನನ್ನ ಹೆಸರಲ್ಲಿ ತೆಗೆದುಕೊಂಡರೆ ಟ್ಯಾಕ್ಸ್‌ನಲ್ಲಿ ಏನಾದರೂ ಅನುಕೂಲ ಇದೆಯಾ? ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆ ತೆಗೆದರೆ ಬೆಳಕು ಬರುತ್ತೆ ಅಂತಾನೂ ಕಾಂಟ್ರಾಕ್ಟರ್ ಹೇಳಿದರು.

ಸೈಟ್_ಹುಬ್ಬಳ್ಳಿ

ಗೋಡೆ ಮುಟ್ಟಬೇಡಿ. ಆ ಕಾಲದ ಮನೆಗಳಲ್ಲಿ ಪಿಲ್ಲರ್ ಇರುವುದು ಅಪರೂಪ, ಮೋಲ್ಡ್ ಕೂತಿರೋದೇ ಗೋಡೆ ಮೇಲೆ. 9 ಇಂಚಿನ ಗೋಡೆ ತೆಗೆಯಬೇಕಂದರೆ ಬೀಮ್ ಕೊಡಬೇಕು, ಅದರ ಲೆಕ್ಕ ಭಾನುವಾರ ಬರೋ ಎಂಜಿನಿಯರ್ ಮಾಡಲಿ. ಬೆಳಕು ಬೇಕಿದ್ದರೆ ಕಿಟಕಿ ಕೆಳಗಿನ ಗೋಡೆ ತೆಗೆದು ಅಷ್ಟೇ ಅಗಲದ ಬಾಗಿಲು ಇಡಿ, ಲಿಂಟಲ್ (ಕಿಟಕಿ ಮೇಲಿನ ಕಾಂಕ್ರೀಟ್ ತೊಲೆ) ಮುಟ್ಟದೆ ಆಗುತ್ತದೆ.

ಅರ್ಧ ಅಡ್ವಾನ್ಸ್ ಕೊಡಬೇಡಿ. ಹತ್ತು ಪರ್ಸೆಂಟ್ ಕೊಟ್ಟು ಶುರು ಮಾಡಿಸಿ, ಆಮೇಲೆ ಕೆಲಸದ ಹಂತಕ್ಕೆ ಕಟ್ಟಿ. ಪೈಪಿನ ಹಂತದ ದುಡ್ಡು ಕೊಡೋದು ಪ್ರೆಶರ್ ಟೆಸ್ಟ್ ಆದ ಮೇಲೆ: ಲೈನಿನ ಬಾಯೆಲ್ಲ ಮುಚ್ಚಿ, ಹ್ಯಾಂಡ್ ಪಂಪಿನಲ್ಲಿ ಒತ್ತಡ ಕೊಟ್ಟು, ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ಗೇಜಿನ ಮುಳ್ಳು ಇದ್ದಲ್ಲೇ ಇರಬೇಕು. ಬಚ್ಚಲಿನದು ಟೈಲ್ಸ್ ಹಾಕೋ ಮುಂಚೆ 48 ಗಂಟೆ ನೀರು ನಿಲ್ಲಿಸಿ, ಪಕ್ಕದ ರೂಮಿನ ಗೋಡೆ ಒಣಗಿದೆ ಅಂತ ಖಾತ್ರಿಯಾದ ಮೇಲೆ. ಬಚ್ಚಲಿಗೆ ಟೈಲ್ಸ್ ತರುವಾಗ ಎಲ್ಲ ಬಾಕ್ಸಿನ ಮೇಲೂ ಒಂದೇ ಬ್ಯಾಚ್, ಒಂದೇ ಶೇಡ್ ನಂಬರ್ ಇದೆಯಾ ನೋಡಿ, ಒಂದೆರಡು ಬಾಕ್ಸ್ ಜಾಸ್ತಿ ತಂದಿಡಿ. ಮುಂದಿನ ವರ್ಷ ಹುಡುಕಿದರೆ ಅದೇ ಬಣ್ಣ ಸಿಗಲ್ಲ.

ಸಾಲದ ವಿಷಯ: ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ವಿನಾಯಿತಿ ಇದೆ. ಆದರೆ ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ, ಅದೂ ಮನೆ ಮಾಲೀಕರಿಗೆ. ಮನೆ ಅಪ್ಪನ ಹೆಸರಲ್ಲಿದ್ದು ಸಾಲ ನಿಮ್ಮ ಹೆಸರಲ್ಲಿದ್ದರೆ ನಿಮಗೆ ಸಿಗುವುದಿಲ್ಲ. ಕೊಟೇಶನ್ ಹಳೇದಾಗಿದ್ದರೆ ಸಿಮೆಂಟಿನ ರೇಟು ಮತ್ತೆ ಹಾಕಿಸಿ, 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ.

ಎಸಿ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಡೆಯಬಾರದು, ಕಟ್ ಮಾಡಬಾರದು. ನೀರು ಹಾಕಿ ನೆನೆಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಲಿ. ಇಳಿಸುವವರಿಗೆ ಮಾಸ್ಕ್ ನೀವೇ ತಂದುಕೊಡಿ, ಅವರಾಗಿ ಹಾಕಿಕೊಳ್ಳುವುದಿಲ್ಲ.