ಸಹಾಯ ಬೇಕು: ಕರೆಂಟಿಲ್ಲ, ಗೋಲ್ಡ್‌ಫಿಶ್ ಉಳಿಸ್ಕೊಳ್ಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ರ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ನಿನ್ನೆ ಸಂಜೆಯಿಂದ ಕರೆಂಟಿಲ್ಲ, ಇನ್ವರ್ಟರೂ ಇಳಿದಿದೆ. 100 ಲೀಟರ್ ಟ್ಯಾಂಕಲ್ಲಿ ನಾಲ್ಕು ಗೋಲ್ಡ್‌ಫಿಶ್ ಇವೆ. ಬೆಳಗ್ಗೆಯಿಂದ ಮೇಲೆ ಬಂದು ಬಾಯಿ ಬಿಡ್ತಿವೆ, ಕಿವಿರು ಜೋರಾಗಿ ಬಡ್ಕೊಳ್ತಿದೆ. ಆಹಾರ ನಿಲ್ಲಿಸಿದ್ದೀನಿ. ಮುಚ್ಚಳ ತೆಗೆದು, ಚೊಂಬಲ್ಲಿ ಅದೇ ನೀರು ಎತ್ತಿ ಮೇಲಿಂದ ಸುರೀತಿದ್ದೀನಿ. ಸುರಿದಾಗ ಕೆಳಗಿಳೀತವೆ, ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ. ರಾತ್ರಿಯಿಡೀ ಹೀಗೆ ಮಾಡೋಕಾಗಲ್ಲ.

ಪವರ್ ಬ್ಯಾಂಕಿಗೆ ಹಾಕೋ ಯುಎಸ್‌ಬಿ ಏರ್ ಪಂಪ್ ಬೆಳಗಿನವರೆಗೂ ಓಡುತ್ತಾ? ಇಲ್ಲಿ ಸುತ್ತಮುತ್ತ ಯಾರ ಹತ್ರನಾದ್ರೂ ಇದ್ರೆ ದಯವಿಟ್ಟು ಹೇಳಿ, ಈಗಲೇ ಬಂದು ತಗೊಂಡು ಹೋಗ್ತೀನಿ. ಇನ್ನೊಂದು, ಇಷ್ಟು ಹೊತ್ತು ನಿಂತ ಫಿಲ್ಟರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತಲ್ಲ, ಕರೆಂಟ್ ಬಂದ್ಮೇಲೆ ಸ್ಪಂಜನ್ನ ಟ್ಯಾಂಕ್ ನೀರಲ್ಲೇ ಹಿಂಡಿ ಹಾಕಿದ್ರೆ ಸಾಕಾ, ನೀರೂ ಬದಲಿಸಬೇಕಾ?