ಗುಬ್ಬಿ ಚಿಕ್ಕಪ್ಪನ ಆಪರೇಷನ್ ವಿಷಯ

ಚಿಕ್ಕಪ್ಪ, ಚಿಕ್ಕಮ್ಮ, ಇದನ್ನು ಪೂರ್ತಿ ಕೇಳಿ, ಸ್ವಲ್ಪ ಉದ್ದವಾಗುತ್ತದೆ. "ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ತೂತು ಹಾಕಿ ತೆಗೆದರೆ ಬೇರು ಒಳಗೇ ಉಳಿಯುತ್ತದೆ, ಹೊಟ್ಟೆ ಕೊಯ್ದೇ ತೆಗೆಸಿ" ಎಂದು ಶಿರಾ ಮಾವ ನಿನ್ನೆ ರಾತ್ರಿ ಗುಂಪಿನಲ್ಲಿ ಹೇಳಿದ್ದಾರೆ. ಮಾವ, ಬೇಸರ ಮಾಡಿಕೊಳ್ಳಬೇಡಿ, ಅದು ಹಾಗಲ್ಲ. ಅಮ್ಮನಿಗೆ ಇದೇ ಲ್ಯಾಪರೊಸ್ಕೋಪಿ ಆದಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನು.

ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸಿ, ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು ಅಗಲದ ನಾಲ್ಕೈದು ತೂತುಗಳಲ್ಲಿ ಕ್ಯಾಮೆರಾ, ಉಪಕರಣ ಇಳಿಸುತ್ತಾರೆ. ಆದರೆ ಗಡ್ಡೆಯೊಂದನ್ನೇ ಕೆರೆದು ತೆಗೆಯುವುದಿಲ್ಲ. ಅದರ ಎರಡೂ ಬದಿಯ ಒಳ್ಳೆಯ ಕರುಳನ್ನು ಸೇರಿಸಿ, ಆ ಭಾಗದ ರಕ್ತನಾಳ ಮತ್ತು ದುಗ್ಧಗ್ರಂಥಿಗಳ (ಲಿಂಫ್ ನೋಡ್) ಸಮೇತ ಕತ್ತರಿಸಿ, ಬೇರೆ ಒಂದು ಚಿಕ್ಕ ಕೊಯ್ತದಿಂದ ಹೊರತೆಗೆಯುತ್ತಾರೆ. ಮಾವ ಬೇರು ಎಂದರಲ್ಲ, ರೋಗ ಮೊದಲು ಹಬ್ಬುವುದು ಸಾಮಾನ್ಯವಾಗಿ ಈ ಗ್ರಂಥಿಗಳಿಗೇ. ಆಮೇಲೆ ಬರುವ ಬಯಾಪ್ಸಿ ವರದಿಯಲ್ಲಿ ಎಷ್ಟು ಗ್ರಂಥಿ ಪರೀಕ್ಷಿಸಿದರು ಎಂದು ಬರೆದಿರುತ್ತದೆ. ಕನಿಷ್ಠ 12 ಇರಬೇಕು. ಕಿಮೋ ಬೇಕೇ ಎಂದು ನಿರ್ಧರಿಸುವಾಗ ಅದನ್ನೂ ನೋಡುತ್ತಾರೆ. ಈ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ.

2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 872 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ್ದರು. ಮೂರು ವರ್ಷದಲ್ಲಿ ರೋಗ ಮರುಕಳಿಸಿದ್ದು ತೂತಿನ ವಿಧಾನದಲ್ಲಿ ಶೇ. 16, ಹೊಟ್ಟೆ ತೆರೆದವರಲ್ಲಿ ಶೇ. 18. ಎರಡೂ ಒಂದೇ ಎನ್ನಬೇಕು.

ಅದೇ ಅಧ್ಯಯನದಲ್ಲಿ ಐದರಲ್ಲಿ ಒಬ್ಬರಿಗೆ ನಡುವೆಯೇ ಹೊಟ್ಟೆ ತೆರೆಯಬೇಕಾಗಿ ಬಂದಿತ್ತು. ಅಂಟಿಕೊಂಡ ಕರುಳು, ಪಕ್ಕದ ಅಂಗಕ್ಕೆ ತಾಗಿದ ಗಡ್ಡೆ, ಹೀಗೆ ಕಾರಣಗಳಿರುತ್ತವೆ. ಒಪ್ಪಿಗೆ ಪತ್ರದಲ್ಲಿ ಆ ಸಾಲು ಓದಿ ಸಹಿ ಮಾಡುವಾಗ ನನ್ನ ಕೈ ನಡುಗಿತ್ತು. ನೀವು ಹೆದರಬೇಡಿ, ವೈದ್ಯರು ಸೋತರೆಂದು ಅದರ ಅರ್ಥವಲ್ಲ. ಇಂಥ ಆಪರೇಷನ್ ಪದೇ ಪದೇ ಮಾಡುವ ಶಸ್ತ್ರಚಿಕಿತ್ಸಕರೇ ಆಗಿರಲಿ, ಅಷ್ಟು ಸಾಕು.

ಆಪರೇಷನ್ ಆದ ಸಂಜೆ ಅಮ್ಮ ಭುಜ ಹಿಡಿದುಕೊಂಡು ನರಳಿದಾಗ ನನಗೆ ಎದೆ ಒಡೆದಂತಾಗಿತ್ತು. ಒಳಗೆ ಉಳಿದ ಗಾಳಿಯಿಂದ ಹಾಗಾಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ ಎಂದು ನರ್ಸ್ ಹೇಳಿದರು. ಹಾಗೆಯೇ ಹೋಯಿತು. ಮರುದಿನವೇ ಎಬ್ಬಿಸಿ ನಡೆಸಿದರು. ಚಿಕ್ಕಮ್ಮ, "ಪಾಪ, ಮಲಗಿರಲಿ" ಎಂದು ನೀವು ಅಡ್ಡ ಬರಬೇಡಿ.

ಚಿಕ್ಕಪ್ಪ, ಮೂಲವ್ಯಾಧಿ ಎಂದುಕೊಂಡು ಆರು ತಿಂಗಳು ರಕ್ತ ಹೋಗುವುದನ್ನು ಸಹಿಸಿದ್ದೀರಿ. ಇನ್ನು ಒಂದು ವಾರವೂ ಬೇಡ. ಕೊಲೊನೋಸ್ಕೋಪಿ ವರದಿ, ಸಿ.ಟಿ. ಫಿಲ್ಮ್, ರೇಷನ್ ಕಾರ್ಡ್, ಆಧಾರ್ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಗುರುವಾರ ಬೆಳಿಗ್ಗೆ ತುಮಕೂರು ರೈಲು ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಜೊತೆಗೇ ಹೋಗೋಣ.