ಫ್ಲೈ ಗಾಳ ಬೀಸಿದ ಮೇಲೆ ಮೊಣಕೈ ನೋವು: ಯಾವ ಸ್ನಾಯುವನ್ನು ಬಲಪಡಿಸಬೇಕು?

ಪ್ರಶ್ನೆ (ಮಂಡ್ಯ):

ಎರಡು ತಿಂಗಳಿಂದ ಊರಾಚೆಯ ಕೊಯ್ಲಾದ ಗದ್ದೆಯಲ್ಲಿ, ಕೊಕ್ಕೆಯ ಬದಲು ಉಣ್ಣೆಯ ಎಳೆ ಕಟ್ಟಿಕೊಂಡು, ಫ್ಲೈ ಗಾಳ (ಹಗುರವಾದ ಕೃತಕ ನೊಣವನ್ನು ದಾರದ ತೂಕದಿಂದಲೇ ದೂರಕ್ಕೆ ಎಸೆಯುವ ಮೀನಿನ ಗಾಳ) ಬೀಸುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಕೋಲು 9 ಅಡಿ, 8ನೇ ನಂಬರಿನದು (ನಂಬರು ಎಂದರೆ ಕೋಲಿಗೆ ಹೊಂದುವ ಲೈನಿನ, ಅಂದರೆ ಗಾಳದ ದಾರದ, ತೂಕದ ದರ್ಜೆ). ಅರ್ಧ ಗಂಟೆಯೊಳಗೆ ಬಲ ಮೊಣಕೈಯ ಹೊರಬದಿಯ ಮೂಳೆಯ ಬಳಿ ನೋವು ಶುರುವಾಗುತ್ತದೆ. ಮರುದಿನ ಒದ್ದೆ ಟವಲ್ ಹಿಂಡುವುದೂ ಕಷ್ಟ. ಭುಜದ ಬಲ ಸಾಲದೆಂದು ಡಂಬೆಲ್ ಎತ್ತಿದೆ, ನೋವು ಹೆಚ್ಚಾಯಿತು. ಲೈನನ್ನು ಹಿಂದಿನಿಂದ ಮುಂದಕ್ಕೆ ತರುವಾಗ ಚಾಟಿಯಂತೆ ‘ಚಟ್’ ಎಂಬ ಸದ್ದೂ ಬರುತ್ತದೆ.

ಉತ್ತರ (ಮೈಸೂರು):

ಸರ್, ಮೊದಲು ಡಂಬೆಲ್ ನಿಲ್ಲಿಸಿ. 8ನೇ ನಂಬರಿನ ಲೈನಿನ ಮೊದಲ 30 ಅಡಿಯ ತೂಕ ಸುಮಾರು 13.6 ಗ್ರಾಂ ಅಷ್ಟೇ; ಅದನ್ನು ಎಸೆಯಲು ಪೈಲ್ವಾನನ ರಟ್ಟೆ ಬೇಕಿಲ್ಲ. ನೋವಿನ ಜಾಗವನ್ನೂ ಟವಲಿನ ವಿಷಯವನ್ನೂ ನೋಡಿದರೆ ಇದು ಟೆನಿಸ್ ಎಲ್ಬೋ (ಮೊಣಕೈಯ ಹೊರಬದಿಯಲ್ಲಿ ಸ್ನಾಯುರಜ್ಜು ನೋಯುವ ತೊಂದರೆ) ಇದ್ದಂತಿದೆ.

ಬೆರಳುಗಳು ಹಿಡಿಯನ್ನು ಬಿಗಿಯುವಾಗ ಅವುಗಳ ಸ್ನಾಯುಗಳು ಮಣಿಕಟ್ಟನ್ನೂ ಒಳಕ್ಕೆ ಮಡಚಲು ಎಳೆಯುತ್ತವೆ. ಅದು ಮಡಚದಂತೆ ತಡೆಯಲು ಮುಂಗೈಯ ಹಿಂಬದಿಯ ಸ್ನಾಯುಗಳು ಅದೇ ಹೊತ್ತಿಗೆ ಬಿಗಿಯಬೇಕಾಗುತ್ತದೆ, ಮತ್ತು ಆ ಸ್ನಾಯುಗಳು ಹುಟ್ಟುವುದೇ ನಿಮಗೆ ನೋಯುತ್ತಿರುವ ಮೂಳೆಯ ಬಳಿ. ಆದ್ದರಿಂದ ಬೀಸಿನ ಉದ್ದಕ್ಕೂ ಹಿಡಿಯನ್ನು ಹಿಸುಕುವವರಿಗೆ ಅಲ್ಲಿ ಒಂದು ಕ್ಷಣವೂ ಬಿಡುವಿಲ್ಲ. ಬೀಸುವಾಗ ನಿಮ್ಮ ಹೆಬ್ಬೆರಳಿನ ಉಗುರನ್ನು ಗಮನಿಸಿ: ಅದು ಬೆಳ್ಳಗಾಗಿದ್ದರೆ ಹಿಡಿತ ಮಿತಿ ಮೀರಿದೆ. ಕೋಲು ನಿಲ್ಲುವ ಕ್ಷಣದಲ್ಲಿ ಮಾತ್ರ ಬಿಗಿದು, ಕೂಡಲೇ ಸಡಿಲಿಸಬೇಕು.

‘ಚಟ್’ ಸದ್ದಿಗೆ ಕಾರಣ ಅವಸರ. ಲೈನು ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೀವು ಮುಂದಕ್ಕೆ ಹೊರಡುತ್ತೀರಿ. ಆಗ ಕೋಲು ಸರಿಯಾಗಿ ಬಾಗುವುದಿಲ್ಲ, ಆ ಕೊರತೆಯನ್ನು ಮಣಿಕಟ್ಟು ತುಂಬಿಕೊಡಬೇಕಾಗುತ್ತದೆ. ತಲೆ ತಿರುಗಿಸಿ ಉಣ್ಣೆಯ ಎಳೆಯನ್ನು ಕಣ್ಣಾರೆ ನೋಡಿ, ಲೈನು ನೇರವಾದ ಮೇಲೆ ಹೊರಡಿ. ಹಿಂದಕ್ಕೆ ಎತ್ತುವಾಗ ರಟ್ಟೆಯ ಮುಂಬದಿಯ ಬೈಸೆಪ್ಸ್ ಮತ್ತು ಭುಜದ ಮುಂಭಾಗದ ಡೆಲ್ಟಾಯ್ಡ್, ಮುಂದಕ್ಕೆ ತರುವಾಗ ರಟ್ಟೆಯ ಹಿಂಬದಿಯ ಟ್ರೈಸೆಪ್ಸ್, ಎದೆ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳು ಕೆಲಸ ಮಾಡಲಿ. ನೋವು ಇಳಿಯುವವರೆಗೆ ಗಾಳ ಮುಟ್ಟಬೇಡಿ. ಆಮೇಲೆ 25 ಅಡಿ ಲೈನಿನಲ್ಲಿ ಹತ್ತು ನಿಮಿಷದಿಂದ ಆರಂಭಿಸಿ.

ಪ್ರಶ್ನಿಸಿದವರಿಂದ, ಐದು ವಾರಗಳ ನಂತರ:

ತುಂಬಾ ಉಪಕಾರವಾಯಿತು. ಉಗುರು ನಿಜಕ್ಕೂ ಬೆಳ್ಳಗಾಗುತ್ತಿತ್ತು. ಈಗ ಸದ್ದು ನಿಂತಿದೆ, ಟವಲ್ ಹಿಂಡಬಲ್ಲೆ. ಆದರೆ ಭುಜದ ಮೇಲ್ಭಾಗ ಬೇಗ ಸೋಲುತ್ತದೆ. ಹಿಂದೆ ತೆಂಗಿನ ಮರಗಳಿರುವುದರಿಂದ ಲೈನನ್ನು ಎತ್ತರಕ್ಕೆ ಬೀಸುತ್ತೇನೆ.

ಉತ್ತರ (ಮೈಸೂರು):

ಎತ್ತರಕ್ಕಾಗಿ ಮೊಣಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ, ಪಕ್ಕಕ್ಕೆ ಎತ್ತುತ್ತಿದ್ದೀರಿ ಅನ್ನಿಸುತ್ತದೆ. ತೋಳಿನ ಮೂಳೆಯ ತಲೆಯನ್ನು ಕೀಲಿನಲ್ಲಿ ಹಿಡಿದಿಡುವ ರೊಟೇಟರ್ ಕಫ್‌ನ ನಾಲ್ಕು ಸಣ್ಣ ಸ್ನಾಯುಗಳಿಗೆ ಆ ಭಂಗಿಯಲ್ಲಿ ಶ್ರಮ ಹೆಚ್ಚು. ಮರಗಳು ಪಕ್ಕಕ್ಕೆ ಬರುವಂತೆ ತಿರುಗಿ ನಿಂತು, ಮೊಣಕೈಯನ್ನು ಎದೆಯ ಮುಂದೆ, ಭುಜಕ್ಕಿಂತ ಕೆಳಗೇ ಇರಿಸಿಕೊಳ್ಳಿ. ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗದಷ್ಟು ನೋವಿದ್ದರೆ, ಕೈ ಜೋಮು ಹಿಡಿದರೆ ಅಭ್ಯಾಸ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.